ಅಕ್ಕ ಕೊಟ್ಟ ಹದಿನೇಳು ದೂರು

ಆಸ್ಪತ್ರೆಯ ಇ-ಮೇಲ್ ವ್ಯವಸ್ಥೆಯನ್ನು ಹನ್ನೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದ ಅಕ್ಕನನ್ನು ಯಾರೂ ಹೊಗಳಿದ್ದಿಲ್ಲ. ಮೇಲ್ ಕೆಟ್ಟಾಗ ಮಾತ್ರ ಅವಳ ನೆನಪಾಗುತ್ತಿತ್ತು. ಅದೇ ಆಸ್ಪತ್ರೆಗೆ ನರ್ಸ್ ಆಗಿ ಬಂದ ತಂಗಿ ಸೋಮವಾರಕ್ಕೊಂದು ತಮಾಷೆಯ ಪತ್ರ ಬರೆದು ಎಲ್ಲರಿಗೂ ಮೇಲ್ ಮಾಡತೊಡಗಿದಳು. ಆರೇ ತಿಂಗಳಲ್ಲಿ ಎಲ್ಲರ ಬಾಯಲ್ಲೂ ಅವಳದೇ ಮಾತು. "ನಿಮ್ಮ ತಂಗಿ ಎಷ್ಟು ಚೆನ್ನಾಗಿ ಬರೀತಾರೆ" ಎಂದು ದೊಡ್ಡ ಡಾಕ್ಟರೂ ಹೇಳಿದಾಗ ಅಕ್ಕ ನಕ್ಕಳು. ಅಂದಿನಿಂದ ತಂಗಿಯ ಪತ್ರ ಬಂದಾಗಲೆಲ್ಲ ಅದನ್ನು ಸ್ಪ್ಯಾಮ್, ಅಂದರೆ ಬೇಡದ ಕಸದ ಮೇಲ್, ಎಂದು ದೂರುವ ಗುಂಡಿ ಒತ್ತುವುದು ಅವಳ ಗುಟ್ಟಿನ ಸಮಾಧಾನವಾಯಿತು.

ಒಂದು ಸೋಮವಾರ ತಂಗಿ ಓಡಿಬಂದಳು. "ಅಕ್ಕಾ, ನನ್ನ ಪತ್ರ ಎಲ್ಲರಿಗೂ ಸ್ಪ್ಯಾಮಿಗೆ ಹೋಗ್ತಿದೆ. ಯಾಕೆ ಅಂತ ಸ್ವಲ್ಪ ನೋಡೇ."

ಅಕ್ಕ ದೂರುಗಳ ಪಟ್ಟಿ ತೆರೆದಳು. ಹದಿನೇಳು ದೂರು, ಎಲ್ಲವೂ ಒಂದೇ ವಿಳಾಸದಿಂದ. ಒಬ್ಬರ ಮೇಲೆ ಮೇಲ್ ನೋಡಿಕೊಳ್ಳುವವರ ದೂರು ಹದಿನೈದು ದಾಟಿದರೆ ಅದು ಇಡೀ ಆಸ್ಪತ್ರೆಗೆ ಅನ್ವಯಿಸುವಂತೆ ಹಿಂದೆ ಅವಳೇ ನಿಯಮ ಹಾಕಿದ್ದಳು, ಅದು ಮರೆತೇಹೋಗಿತ್ತು.

ಕುರ್ಚಿಯ ಹಿಂದೆ ನಿಂತಿದ್ದ ತಂಗಿ ಓದಿಯೇಬಿಟ್ಟಳು. "ಇದು ನಿಂದೇ ಅಲ್ವಾ?"

"ಹೌದು. ಕೈತಪ್ಪಿ ಒತ್ತಿದ್ದಲ್ಲ. ಹೊಟ್ಟೆಕಿಚ್ಚು ಕಣೇ."

ತಂಗಿ ಪಟ್ಟಿಯತ್ತ ಬೆರಳು ತೋರಿಸಿದಳು. "ಓದಿ ಒತ್ತಿದ್ಯಾ, ಓದ್ದೇನಾ?"

"ಓದಿಯೇ. ಒಂದಕ್ಷರಾನೂ ಬಿಟ್ಟಿಲ್ಲ."

"ಸರಿ ಮಾಡಿಕೊಡು" ಎಂದಷ್ಟೇ ಹೇಳಿ ತಂಗಿ ವಾರ್ಡಿಗೆ ಹೊರಟುಹೋದಳು.

ಅಕ್ಕ ದೂರುಗಳನ್ನು ಅಳಿಸಿದಳು, ಆ ನಿಯಮವನ್ನೂ ತೆಗೆದುಹಾಕಿದಳು. ಮುಂದಿನ ಸೋಮವಾರ ಪತ್ರ ಎಲ್ಲರಿಗೂ ತಲುಪಿತು. ಕಾರಿಡಾರಿನುದ್ದಕ್ಕೂ ನಗು ಕೇಳಿಸಿತು. ಅಕ್ಕನೂ ಓದಿದಳು. ಚೆನ್ನಾಗಿಯೇ ಇತ್ತು, ಅದೇ ಅವಳಿಗೆ ಸಂಕಟ.