ಮಾಳಿಗೆಯ ಭಾರ

ಮಳೆಗಾಲಕ್ಕೆ ಮನೆ ಸಜ್ಜು ಮಾಡುವುದೆಂದರೆ ನಮ್ಮ ನವಲಗುಂದದ ಕಡೆ ಮಾಳಿಗೆಗೆ ಮಣ್ಣು ಹಾಕುವುದು. ತೊಲೆ, ಜಂತಿಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆ ನಮ್ಮದು. ಮುಂಗಾರಿಗೆ ಮೊದಲು ಹಳೆಯ ಮಣ್ಣನ್ನು ಕೆರೆದು ತೆಗೆದು, ಸೋರದಂತೆ ಹೊಸ ಕರಲುಮಣ್ಣು ಬಡಿಯಬೇಕು. ನನ್ನ ಮಾವನವರು ಕೆರೆಯುವ ಕೆಲಸವನ್ನೇ ಕೈಬಿಟ್ಟಿದ್ದರು. ಹಳೆಯದರ ಮೇಲೆ ಹೊಸದು, ಅದರ ಮೇಲೆ ಮತ್ತೆ ಮುಂದಿನ ವರ್ಷದ್ದು. ಒಂದು ಹನಿ ಸೋರುತ್ತಿರಲಿಲ್ಲ, ನಿಜ. ಪಡಸಾಲೆಯ ತೊಲೆ ಮಾತ್ರ ವರ್ಷದಿಂದ ವರ್ಷಕ್ಕೆ ಬಾಗುತ್ತಿತ್ತು.

ನಾನು ಹೇಳಿ ಹೇಳಿ ಸಾಕಾದೆ. "ಮಾವಾರ, ಮ್ಯಾಲಿನ ಭಾರ ಇಳಸ್ರಿ."

"ತಗಡಿನ ಮನ್ಯಾಗ ಬೆಳದಾಕಿ ನೀ. ಮಾಳಗಿ ಬಗ್ಗೆ ನಿನಗೇನ ಗೊತ್ತಬೇ?"

ನನ್ನ ಗಂಡ ಅಷ್ಟೊತ್ತಿಗೆ ಚಪ್ಪಲಿ ಹುಡುಕುತ್ತ ಹೊರಗೆ ಜಾರುತ್ತಿದ್ದ. ಅಪ್ಪನ ಮುಂದೆ ಅವನಿಗೆ ಬಾಯೇ ಇರಲಿಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಬೆಣ್ಣಿಹಳ್ಳ ಉಕ್ಕಿ ನಮ್ಮ ಹಿತ್ತಲ ಗೋಡೆಯ ಬುಡಕ್ಕೆ ಬಂತು. ಮಣ್ಣಿನ ಮನೆಯವರೆಲ್ಲ ಶಾಲೆಗೆ ಹೋಗಬೇಕೆಂದು ಪಂಚಾಯಿತಿಯವರು ಮೈಕಿನಲ್ಲಿ ಕೂಗಿದರು. ಮಕ್ಕಳನ್ನೂ ಎಮ್ಮೆಯನ್ನೂ ನಾನು ಹೊರಗೆ ಸಾಗಿಸಿದೆ. ಮಾವನವರು ಪಡಸಾಲೆಯ ಕಂಬ ಹಿಡಿದು ಕೂತುಬಿಟ್ಟರು. "ಒಂದ ಹನಿ ಸೋರಿಲ್ಲ. ನಾ ಯಾಕ ಬರಲಿ?"

ಸೋರದ ನೀರನ್ನೆಲ್ಲ ಆ ಮಣ್ಣೇ ಕುಡಿದು ಕೂತಿತ್ತು. ತೊಲೆ ಲಟಲಟ ಅನ್ನತೊಡಗಿತು. ನನ್ನ ಗಂಡ ಹೊಸ್ತಿಲ ಹೊರಗೆ ಕೈಮುಗಿದು ನಿಂತಿದ್ದ, "ಯಪ್ಪಾ, ಬಾರಪ್ಪಾ" ಅಂತ. ನನಗೆ ಮೈಯೆಲ್ಲ ಉರಿಯಿತು. ಅದು ಕೈಮುಗಿಯುವ ಹೊತ್ತೇ?

ಒಳಗೆ ನುಗ್ಗಿ ಮಾವನವರ ರಟ್ಟೆಗೆ ಕೈ ಹಾಕಿದೆ. ಮಗ್ಗುಲಲ್ಲಿದ್ದ ಬಡಿಗೆ ಎತ್ತಿ ಬೀಸಿದರು. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಮತ್ತೆ ಎತ್ತಿದರು. ಬಡಿಗೆ ಕಸಿದುಕೊಂಡು ಕಂಬ ಹಿಡಿದಿದ್ದ ಕೈಗೆ ಬಾರಿಸಿದೆ, ಬಿಡುವ ತನಕ ಬಾರಿಸಿದೆ. ಧೋತರ ಹಿಡಿದು ದರದರ ಎಳೆದೆ. ನನ್ನ ಮುಂಗೈ ಕಚ್ಚಿದರು. ಹಲ್ಲು ಒಳಗೆ ಇಳಿದವು. ಆದರೂ ಬಿಡದೆ ಹೊಸ್ತಿಲು ದಾಟಿಸಿ ಓಣಿಯ ಕೆಸರಿಗೆ ಕೆಡವಿದೆ. ಓಣಿ ಮಂದಿಯೆಲ್ಲ ನಿಂತು ನೋಡುತ್ತಿದ್ದರು.

"ಮಾವನ್ನ ಬಡಿಯಾಕ್ಹತ್ಯಾಳಲ್ಲೋ!" ಎಂದು ಪಕ್ಕದ ಮನೆಯಾಕೆ ಚೀರಿದಳು. ಅಷ್ಟರಲ್ಲಿ ತೊಲೆ ಮುರಿಯಿತು. ಮಾಳಿಗೆ ಇಡಿಯಾಗಿ ಕುಸಿದು, ಗೋಡೆಗಳು ಅದರ ಮೇಲೆ ಬಿದ್ದವು. ಮಾವನವರು ಕೂತಿದ್ದ ಜಾಗದಲ್ಲಿ ಆಳೆತ್ತರದ ಮಣ್ಣಿತ್ತು.

ಶಾಲೆಯಲ್ಲಿ ಮಾತು ಶುರುವಾಯಿತು. "ಜೀವಾ ಉಳಿಸಿದ್ಲು ಅಂತ ಹಿರ್ಯಾರ ಮ್ಯಾಲ ಕೈ ಮಾಡೂದಾ?" ಅಂದರು ಹೆಂಗಸರು, ನನಗೆ ಕೇಳಲಿ ಅಂತಲೇ. ಗಂಡ ಎಮ್ಮೆ ನೋಡುವ ನೆವ ಮಾಡಿ ಎದ್ದು ಹೋದ. ಅವನ ಮೇಲೆ ಬಂದಷ್ಟು ಸಿಟ್ಟು ನನಗೆ ಆ ಹಳ್ಳದ ಮೇಲೂ ಬಂದಿರಲಿಲ್ಲ. ಸೆರಗು ಹರಿದು ಮಾವನವರ ಬಾತ ಮಣಿಕಟ್ಟಿಗೆ ಕಟ್ಟಿದೆ. ಬೇಡ ಅನ್ನಲಿಲ್ಲ. ಮುಖ ಮಾತ್ರ ಗೋಡೆಯ ಕಡೆಗಿತ್ತು.

"ನೀ ಎಳೀದಿದ್ರ ಅದರ ಕೆಳಗ ಸಾಯ್ತಿದ್ದೆ, ಖರೆ," ಅಂದರು. "ಆದ್ರ ಊರ ಮುಂದ ಸೊಸಿ ಕೈಲೆ ಬಡಿಸ್ಕೊಂಡೆ. ಸಾಯೂತನಕ ಮರಿಯಂಗಿಲ್ಲ."

"ಮರೀಬ್ಯಾಡ್ರಿ," ಅಂದೆ ಗಂಟು ಬಿಗಿಯುತ್ತ. "ಮರೀದಂಗ ಭಾಳ ವರ್ಷ ಇರ್ರಿ."