ರಸ್ಕನ ಪಾಲಿನ ಪ್ರಸಾದ

ಬೆಳಗ್ಗೆಯಿಂದ ಮನೆಯೆಲ್ಲ ಕಳಿತ ಬಾಳೆಹಣ್ಣಿನ ವಾಸನೆ. ಮದುವೆಯಾಗಿ ಇನ್ನೂ ತಿಂಗಳು ತುಂಬದ ನನ್ನ ಸೊಸೆ ಓವನ್ನಿನ ಮುಂದೆ ಕೂತಿದ್ದಾಳೆ. ಬಾಳೆಹಣ್ಣಿಗೆ ಓಟ್ಸು ಕಲಸಿ, ಲಟ್ಟಿಸಿ, ಮೂಳೆಯ ಆಕಾರಕ್ಕೆ ಕತ್ತರಿಸಿ ಬೇಯಿಸ್ತಾ ಇದಾಳೆ. ಮನೆಮಂದಿಗಲ್ಲ, ನಾಯಿಗೆ! ಅವಳ ಜೊತೆ ತವರಿಂದ ಬಂದ ಆ ಗುಂಡುನಾಯಿ ಸೋಫಾದ ಮೇಲೆ ಮಲಗಿ, ನಾನೇನೋ ಬಾಡಿಗೆಗೆ ಬಂದವಳು ಅನ್ನೋ ಹಾಗೆ ನೋಡುತ್ತೆ. ಮಂಡಿನೋವಿನ ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಸೊಸೆಗೆ ಅಂತ ತೆಗೆದಿಟ್ಟ ಇಡ್ಲಿ ಟೇಬಲ್ಲಿನ ಮೇಲೆ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. "ಅಲ್ಲ ಕಣಮ್ಮ, ನಾಯಿಗೂ ಬೇಕರಿ ತಿಂಡಿಯಾ?" ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಮಾತಾಡೋ ಹಕ್ಕು ಈ ತುಮಕೂರಿನಲ್ಲಿ ಯಾರಿಗಿದ್ದರೂ ನನಗಂತೂ ಇಲ್ಲ. ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ.

ನಮ್ಮಪ್ಪನದು ಕುಣಿಗಲ್ಲಿನಲ್ಲಿ ಒಂದು ಸಣ್ಣ ಬೇಕರಿ. ಮೊಟ್ಟೆ ಮುಟ್ಟಿಸದ ಬೇಕರಿ. ಬನ್ನು, ರಸ್ಕು, ಬೆಣ್ಣೆ ಬಿಸ್ಕತ್ತು, ಜ್ವರ ಬಂದವರಿಗೆ ಬ್ರೆಡ್ಡು, ಅಷ್ಟೆ. ಭಟ್ಟಿಯ ಹಿಂದಿನ ಬೆಚ್ಚನೆ ಮೂಲೆಯಲ್ಲಿ ಹುಟ್ಟಿ, ಒಡೆದ ಬನ್ನು, ತಳ ಹಿಡಿದ ಬಿಸ್ಕತ್ತು ತಿಂದುಕೊಂಡೇ ಬೆಳೆದ ನಾಯಿ ರಸ್ಕ. ಹೆಸರಿಟ್ಟವಳು ನಾನು. ಬಣ್ಣ ರಸ್ಕಿನ ಹಾಗೇ ಇತ್ತು, ಕಿವಿ ಎರಡೂ ಸ್ವಲ್ಪ ಹೆಚ್ಚು ಸುಟ್ಟ ಹಾಗೆ. ಅಂಗಡಿ ಬಾಗಿಲು ತೆಗೆದರೆ ಗಿರಾಕಿಗಿಂತ ಮೊದಲು ಅದೇ ಒಳಗೆ. ಅನ್ನ, ಮುದ್ದೆ ಅಂದರೆ ಅದರ ಲೆಕ್ಕದಲ್ಲಿ ಆಹಾರವೇ ಅಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನನ್ನು ತುಮಕೂರಿನ ಮರಳೂರಿಗೆ ಮದುವೆ ಮಾಡಿ ಕೊಟ್ಟರು. ನಾನು ಈ ಕಡೆ ಬಂದೆ, ಅಲ್ಲಿ ರಸ್ಕ ಬನ್ನೂ ಬಿಟ್ಟಿತು. ಅಂಗಡಿ ಹೊಸ್ತಿಲ ಮೇಲೆ ತಲೆಯಿಟ್ಟು ರಸ್ತೆ ನೋಡ್ತಾ ಮಲಗಿದ್ದು ಏಳಲೇ ಇಲ್ಲವಂತೆ. ಎಲುಬು ಕಾಣೋಕೆ ಶುರುವಾದ ಮೇಲೆ ಅಪ್ಪ ಅದನ್ನು ಬಸ್ಸಿನಲ್ಲಿ ಹತ್ತಿಸಿಕೊಂಡು ಬಂದೇ ಬಿಟ್ಟರು. ಕಂಡಕ್ಟರು ಇದಕ್ಕೂ ಟಿಕೆಟ್ಟು ತಗೊಳ್ಳಿ ಅಂದನಂತೆ. ಅಪ್ಪ, ಹಾಗಾದ್ರೆ ಕಿಟಕಿ ಪಕ್ಕದ ಸೀಟು ಕೊಡಪ್ಪ ಅಂದರಂತೆ. ನನ್ನನ್ನು ಕಂಡಿದ್ದೇ ರಸ್ಕ ಬಾಲ ಅಲ್ಲಾಡಿಸಿದ ರಭಸಕ್ಕೆ ಜಗಲಿ ಮೇಲಿದ್ದ ನೀರಿನ ಚೊಂಬು ಉರುಳಿ ನಮ್ಮತ್ತೆಯ ಕಾಲ ಮೇಲೇ ಬಿತ್ತು. ಪ್ರವೇಶ ಹಾಗಾಯ್ತು.

ಅತ್ತೆಯ ತವರು ನಿಟ್ಟೂರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಅವರ ಮನೆಗೆ ಕಾನೂನು ಒಂದೇ. ಬೆಂಕಿಯ ಮೇಲೆ ಏನು ಬೆಂದರೂ ಮೊದಲು ದೇವರ ಗೂಡಿಗೆ ಎಡೆ. ಎಡೆಯಾದ ಮೇಲೆ ಅದು ಪ್ರಸಾದ. ಪ್ರಸಾದವಾದ ಮೇಲೆ ಮನೆಯವರೆಲ್ಲ ಪಾಲು ತಗೊಂಡು ತಿನ್ನಬೇಕು. ಬೇಡ ಅನ್ನೋ ಹಾಗಿಲ್ಲ, ಮಿಗಿಸೋ ಹಾಗಿಲ್ಲ. ಕಾಫಿಯಲ್ಲೂ ಮೊದಲ ಲೋಟ ದೇವರಿಗೇ. ನಮ್ಮನೆ ದೇವರಷ್ಟು ಕಾಫಿ ಕುಡಿದ ದೇವರು ಇಡೀ ಜಿಲ್ಲೆಯಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಇನ್ನು ಅಂಗಡಿ ತಿಂಡಿಯಂತೂ ಹೊಸ್ತಿಲು ದಾಟೋ ಹಾಗೇ ಇರಲಿಲ್ಲ.

ರಸ್ಕ ಅತ್ತೆ ಹಾಕಿದ ಮುದ್ದೆಯನ್ನು ಮೂಸಿತು, ನನ್ನ ಮುಖ ನೋಡಿತು, ಹೋಗಿ ನುಗ್ಗೆಮರದ ಕೆಳಗೆ ಮಲಗಿಬಿಟ್ಟಿತು. ಮಾರನೆಯ ದಿನವೂ ಹಾಗೇ.

"ಏನೇ ಇದು? ನಮ್ಮನೆ ಮುದ್ದೆ ನಿಮ್ಮೂರ ನಾಯಿಗೆ ಇಳಿಯಾಕಿಲ್ವಾ?" ಅಂದರು ಅತ್ತೆ. "ನಿಮ್ಮಪ್ಪ ಮೈದಾ ಮೂಟೆಗೆ ಅಂತ ಇಲ್ಲಿಗೆ ಬರ್ತಾರಲ್ಲ, ಅಷ್ಟ್ರೊಳಗೆ ತಿಂದ್ರೆ ಇರ್ಲಿ. ಇಲ್ದಿದ್ರೆ ವಾಪಸ್ ಕರ್ಕೊಂಡೋಗ್ಲಿ. ಉಪವಾಸ ಬಿದ್ದು ಸಾಯೋ ನಾಯೀನ ದಿನಾ ಎದ್ದು ನೋಡಾಕೆ ನನ್ ಕೈಲಾಗಲ್ಲ ಕಣೇ."

ಕುಣಿಗಲ್ಲಿಗೆ ಹೋದರೆ ನಾನಿಲ್ಲ ಅಂತ ತಿನ್ನಲ್ಲ, ಇಲ್ಲಿದ್ದರೆ ಬನ್ನಿಲ್ಲ ಅಂತ ತಿನ್ನಲ್ಲ. ಆ ನಾಯಿ ಉಳಿಯೋದು ಹೇಗೆ ಹೇಳಿ? ಒಳಗಿನ ಮಾತು ಹೇಳಬೇಕು ಅಂದ್ರೆ, ಆ ಮನೆಯಲ್ಲಿ ನನ್ನೋರು ಅಂತ ಇದ್ದಿದ್ದು ಅದೊಂದೇ. ಗಂಡ ಇದ್ದರು, ಇಲ್ಲ ಅನ್ನಲ್ಲ. ಆದರೆ ಅವರ ಮುಂದೆ ನಾನಿನ್ನೂ ತಲೆಯೆತ್ತಿ ಎರಡು ಮಾತಾಡಿರಲಿಲ್ಲ. ನನಗೂ ಊಟ ಸೇರ್ತಿರಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸಿ, ಅನ್ನವನ್ನು ಅಂಚಿಗೆ ಸರಿಸಿ, ಆಯ್ತು ಅಂತ ಏಳ್ತಿದ್ದೆ.

ಸರಿ, ಬೇಕರಿ ತಿಂಡಿಯನ್ನೇ ಮನೆಯಲ್ಲಿ ಮಾಡೋಣ ಅಂತ ಹೊರಟೆ. ಬೇಕರಿಯವರ ಮಗಳು ಅಂತ ಜಂಬ ಬೇರೆ. ಜನ್ಮದಲ್ಲಿ ಭಟ್ಟಿಯ ಮುಂದೆ ನಿಂತವಳಲ್ಲ ನಾನು, ಗಲ್ಲಾ ಪಕ್ಕ ಕೂತು ಪೇಪರಿನಲ್ಲಿ ಬನ್ನು ಸುತ್ತಿಕೊಟ್ಟವಳು. ಮರದ ಹೊಟ್ಟಿನ ಒಲೆ ಹೊತ್ತಿಸಿ, ಅದರ ಮೇಲೆ ದೊಡ್ಡ ಪಾತ್ರೆ, ಪಾತ್ರೆಯೊಳಗೆ ಮರಳು, ಮರಳಿನ ಮೇಲೆ ತಟ್ಟೆ, ಮುಚ್ಚಳದ ಮೇಲೆ ಕೆಂಡ. ರಾಗಿಹಿಟ್ಟಿಗೆ ಕಳಿತ ಬಾಳೆಹಣ್ಣು ಹಿಸುಕಿ, ಬಿಲ್ಲೆ ತಟ್ಟಿ ಇಟ್ಟೆ. ಮೊದಲನೇ ಸಲ ಬಂದದ್ದು ಬಿಸ್ಕತ್ತಲ್ಲ, ಇದ್ದಿಲು. ಅದನ್ನು ಅತ್ತೆ ದೇವರಿಗೆ ತೋರಿಸೋ ಧೈರ್ಯ ಮಾಡಲಿಲ್ಲ.

ಎರಡನೇ ಸಲ ಚೆನ್ನಾಗೇ ಬಂತು. ಹೊಂಬಣ್ಣ, ಘಮಘಮ. ರಸ್ಕ ಎದ್ದು ಬಂದು ಹಿತ್ತಲ ಬಾಗಿಲಲ್ಲಿ ಜೊಲ್ಲು ಸುರಿಸಿಕೊಂಡು ಕೂತಿತು. ನಾನು ಒಂದು ಬಿಲ್ಲೆ ಕೈಗೆತ್ತಿಕೊಂಡೆ ನೋಡಿ, "ಎಡೆಯಾಯ್ತಾ?" ಅಂತ ಹಿಂದಿನಿಂದ ದನಿ. ತಟ್ಟೆ ದೇವರ ಗೂಡಿಗೆ ಹೋಯ್ತು. ಪ್ರಸಾದವಾಗಿ ಹೊರಗೆ ಬಂತು. ಮಾವ ಕಣ್ಣಿಗೊತ್ತಿಕೊಂಡು ಒಂದು ತಿಂದರು, ಆಮೇಲೆ ಕಣ್ಣಿಗೊತ್ತಿಕೊಳ್ಳದೇ ನಾಕು ತಿಂದರು. ಗಂಡ, ಮೈದುನ ಉಳಿದದ್ದನ್ನು ಹಂಚಿಕೊಂಡರು. ನನ್ನ ಪಾಲೂ ಅತ್ತೆಯ ಕಣ್ಣೆದುರಿಗೇ ನನ್ನ ಬಾಯಿಗೆ ಹೋಗಬೇಕಾಯ್ತು. ರಸ್ಕನಿಗೆ ಸಿಕ್ಕಿದ್ದು ತಟ್ಟೆ ನೆಕ್ಕುವ ಭಾಗ್ಯ.

ಮನುಷ್ಯರು ತಿನ್ನಲಾರದ ಹಾಗೆ ಮಾಡಿದರೆ ಸರಿಹೋಗುತ್ತೆ ಅಂದುಕೊಂಡೆ. ಆಗ ಹಲಸಿನ ಕಾಲ. ನಿಟ್ಟೂರಿಂದ ಹಣ್ಣು ಬಂದಿತ್ತು. ತೊಳೆ ಅರೆದು ರಾಗಿಹಿಟ್ಟಿಗೆ ಕಲಸಿ, ಉಪ್ಪಿಲ್ಲ, ಬೆಲ್ಲವಿಲ್ಲ, ಎಣ್ಣೆಯಿಲ್ಲ, ಗಟ್ಟಿಯಾಗಿ ಒಣಗಿಸಿದೆ. ಹೆಂಚಿನ ಚೂರಿಗೂ ಅದಕ್ಕೂ ವ್ಯತ್ಯಾಸ ಇದ್ದದ್ದು ವಾಸನೆಯಲ್ಲಿ ಮಾತ್ರ. ನಮ್ಮನೆಯವರು ಬಿಟ್ಟರಾ? "ಪ್ರಸಾದಕ್ಕೆ ರುಚಿ ಕೇಳಬಾರ್ದು" ಅಂದರು ಅತ್ತೆ. ಮಾವ ಗುಬ್ಬಿಯ ಹೈಸ್ಕೂಲಿನಲ್ಲಿ ಮೇಷ್ಟ್ರು, ದಿನಾ ರೈಲಿನಲ್ಲಿ ಓಡಾಟ. ತಮ್ಮ ಪಾಲನ್ನು ಜೇಬಿಗೆ ಹಾಕಿಕೊಂಡು ಹೋಗಿ, ತುಮಕೂರು ಬಿಟ್ಟಾಗ ಬಾಯಿಗಿಟ್ಟಿದ್ದು ಗುಬ್ಬಿ ಬಂದರೂ ಕರಗಲಿಲ್ಲ ಅಂತ ಬಂದು ಹೇಳಿದರು. ಆಮೇಲೆ ಕಾಫಿಗೆ ಅದ್ದಿ ತಿನ್ನೋದು ಕಲಿತರು. ಕಡೆಗೆ ನಾನು ಕದ್ದು ಬಚ್ಚಲ ಒಲೆಯಲ್ಲೂ ಬೇಯಿಸಿ ನೋಡಿದೆ. ವಾಸನೆ ಹಿಡಿದು ಅತ್ತೆ ಬಂದರು. "ಬಚ್ಚಲ ಬೆಂಕಿ ಬೆಂಕಿಯಲ್ವೇನೇ?" ಅಂತ ಅದನ್ನೂ ಎತ್ತಿಕೊಂಡು ಹೋದರು. ಅಪ್ಪ ಬರೋ ದಿನ ಹತ್ತಿರವಾಗ್ತಿತ್ತು. ನಾನು ಬಚ್ಚಲಲ್ಲೇ ಕೂತು ಅತ್ತುಬಿಟ್ಟೆ. ಹೊಗೆಗೆ ಕಣ್ಣೀರು ಬಂತು ಅಂತ ಎಲ್ಲರಿಗೂ ಹೇಳಿದೆ.

ಇಷ್ಟಾದರೂ ಒಂದು ವಿಚಿತ್ರ. ಮುದ್ದೆ ಮುಟ್ಟದ, ನನ್ನಿಂದ ಚೂರೂ ಸಿಗದ ಆ ನಾಯಿ ದಿನದಿನಕ್ಕೆ ಗುಂಡಗಾಗ್ತಿದೆ! ಎಲುಬು ಮುಚ್ಚಿ ಮೈ ಮಿರುಗ್ತಿದೆ. ಪಕ್ಕದ ಮನೆಯಲ್ಲಿ ಏನು ಕದ್ದು ತಿಂತಿದೆಯೋ, ಎಲ್ಲಿ ಜಗಳ ಬರುತ್ತೋ ಅಂತ ಒಂದು ಮಧ್ಯಾಹ್ನ ಅದರ ಹಿಂದೆಯೇ ಹೋದೆ. ಹಿತ್ತಲ ಒಗೆಯೋ ಕಲ್ಲಿನ ಮೇಲೆ ನಮ್ಮತ್ತೆ ಕೂತಿದಾರೆ. ಸೆರಗಿನ ಗಂಟು ಬಿಚ್ಚಿ, ಆ ಕಲ್ಲಿನಂಥ ಹಲಸಿನ ಬಿಲ್ಲೆಯನ್ನು ಒಗೆಯೋ ಕಲ್ಲಿಗೇ ಕುಟ್ಟಿ ಚೂರು ಮಾಡಿ, ಒಂದೊಂದೇ ರಸ್ಕನ ಬಾಯಿಗಿಡ್ತಿದಾರೆ.

"ತಿನ್ನೋ ರಸ್ಕಪ್ಪ, ತಿನ್ನು. ಇದು ನನ್ನ ಪಾಲಿಂದು ಕಣೋ, ಕೇಳೋರ್ಯಾರು ಬುಡು. ನೀನು ತಿನ್ನೋದು ಬಿಟ್ರೆ ಅವ್ಳೂ ತಿನ್ನಾಕಿಲ್ಲ. ಹೆತ್ತೋರ್ನ ಬಿಟ್ಟು ಬಂದ ಮಗಾ ನಮ್ಮನೇಲಿ ಹೊಟ್ಟೆಗಿಲ್ದೆ ಸೊರಗಿದ್ರೆ ನಾನು ಯಾವ ಮುಖ ಇಟ್ಕೊಂಡು ದೀಪ ಹಚ್ಲಿ, ಹೇಳು?"

ನಾನು ನುಗ್ಗೆಮರದ ಹಿಂದೆ ನಿಂತಲ್ಲೇ ನಿಂತೆ. ತಟ್ಟೆಯ ಅಂಚಿಗೆ ಅನ್ನ ಸರಿಸೋದನ್ನು ಯಾರೂ ನೋಡಿಲ್ಲ ಅಂದುಕೊಂಡಿದ್ದೆ. ಎಷ್ಟು ಸಂತೋಷವಾಯ್ತೋ ಅಷ್ಟೇ ನಾಚಿಕೆಯೂ ಆಯ್ತು. ಸದ್ದು ಮಾಡದೆ ಒಳಗೆ ಬಂದು ಇನ್ನೊಂದು ತಟ್ಟೆಗೆ ಹಿಟ್ಟು ಕಲಸೋಕೆ ಕೂತೆ.

ಕೊನೆಗೆ ಅಪ್ಪ ಬಂದರು. ನಾಯಿ ತಿಂತಿಲ್ಲ ಅಂತ ಸುದ್ದಿ ಹೋಗಿತ್ತು, ಕೈಯಲ್ಲಿ ಸರಪಳಿ. ಹಿತ್ತಲ ಗುಟ್ಟು ನನಗೆ ಗೊತ್ತಿದ್ದರೂ, ಅತ್ತೆ ಎಲ್ಲರೆದುರಿಗೆ ಏನನ್ನುತ್ತಾರೋ ಅಂತ ಬಾಗಿಲ ಪಕ್ಕ ನಿಂತು ನೋಡ್ತಿದ್ದೆ. ಅತ್ತೆ ಕಾಫಿ ತಂದಿಟ್ಟರು, ಜೊತೆಗೆ ಎರಡು ಬಿಲ್ಲೆ. ಅಪ್ಪ ಒಂದನ್ನು ಕಡಿದು, ಬೇಕರಿಯವರಲ್ವಾ, ಮುಖ ಹುಳ್ಳಗೆ ಮಾಡಿಕೊಂಡರು. ಪ್ರಸಾದ ಅಂದ ಮೇಲೆ ನುಂಗಿದರು. ಆಮೇಲೆ ಸರಪಳಿ ಎತ್ತಿಕೊಂಡು ರಸ್ಕನ ಕಡೆ ಎದ್ದರು.

"ಅದೆಲ್ಲಿಗೆ ಹೊರಟ್ರಿ ಬೀಗರೇ?" ಅಂದರು ಅತ್ತೆ. "ನಮ್ಮನೆ ಪ್ರಸಾದ ತಿಂದಿರೋ ನಾಯಿ ಅದು. ಪ್ರಸಾದ ತಿಂದೋರು ನಮ್ಮನೆಯೋರು. ಅದ್ರ ಯೋಚ್ನೆ ಬುಡಿ. ಈಗ ಇರೋದು ಇವಳದೊಂದೇ." ನನ್ನ ಕಡೆ ತಿರುಗಿ, "ಬಾರೇ, ತಟ್ಟೆ ಹಾಕಿದೀನಿ. ನಿಮ್ಮಪ್ಪನ ಮುಂದೆ ಹೊಟ್ಟೆ ತುಂಬ ಉಣ್ಣು, ನೋಡಿ ಹೋಗ್ಲಿ" ಅಂದರು. ಅವತ್ತು ನಾನು ಎರಡು ಮುದ್ದೆ ಉಂಡೆ. ಅಪ್ಪ ಖಾಲಿ ಸರಪಳಿ ಹಿಡಿದು ಬಸ್ ಹತ್ತಿದರು.

ರಸ್ಕ ಎಂಬತ್ತರ ದಶಕದಲ್ಲಿ ತುಂಬಾ ದಿನ ಬಾಳಿತು. ಮುದುಕನಾಗಿ ಹಲ್ಲು ಉದುರಿದ ಮೇಲೆ ಅತ್ತೆ ಬಿಲ್ಲೆಯನ್ನು ಹಾಲಿನಲ್ಲಿ ನೆನೆಸಿ ಕೊಡ್ತಿದ್ದರು. ಎಡೆಯಾದ ಮೇಲೇ! ಈಗ ಇಬ್ಬರೂ ಇಲ್ಲ.

ಓವನ್ನು ಟಿಣ್ ಅಂತು. ಸೊಸೆ ತಟ್ಟೆ ಹೊರಗೆ ತೆಗೆದಳು. ಗುಂಡುನಾಯಿ ಸೋಫಾದಿಂದ ಇಳಿದು ಬಂತು. "ಸಕ್ಕರೆ ಹಾಕಿಲ್ಲ ಅತ್ತೆ, ಬರೀ ಹಣ್ಣು" ಅಂದಳು, ನಾನೆಲ್ಲಿ ಬಯ್ತೀನೋ ಅನ್ನೋ ಮುಖದಲ್ಲಿ. ಆಗಲೇ ಸರಿಯಾಗಿ ನೋಡಿದೆ, ಈ ಮಗು ಬಂದಾಗಿನಿಂದ ಇಳಿದುಹೋಗಿದೆ. ನಾನು ಮಂಡಿ ಹಿಡಿದುಕೊಂಡು ಎದ್ದೆ. ಆ ತಟ್ಟೆ ಇಸಕೊಂಡು ದೇವರ ಮುಂದಿಟ್ಟು ತಂದೆ. ಮೊದಲ ಬಿಸ್ಕತ್ತು ನಾನೇ ಬಾಯಿಗೆ ಹಾಕಿಕೊಂಡೆ. ಸಪ್ಪೆ. ಅದೇ ಸಪ್ಪೆ. ಎರಡನೆಯದನ್ನು ನಾಯಿಗೆ ಕೊಟ್ಟೆ.

ಆಮೇಲೆ ಇಡ್ಲಿಯ ಮುಚ್ಚಳ ತೆಗೆದು, ಕುರ್ಚಿ ಎಳೆದು ಹೇಳಿದೆ: "ಅದು ತಿಂತು, ಬುಡು. ನೀನು ಬಾ, ಕೂತ್ಕೋ. ನೀನು ತಿನ್ನೋವರೆಗೂ ನಾನು ಏಳಲ್ಲ."