ಮನೆ ಖಾಲಿ ಮಾಡಿಸಬಾರದೆಂಬ ಆದೇಶ

ಲಾಕ್‌ಡೌನಿನಲ್ಲಿ ಗೆಜ್ಜಲಗೆರೆಯ ನಮ್ಮ ಫ್ಯಾಕ್ಟರಿಗೆ ಬೀಗ ಬಿತ್ತು, ನಾನು ಬಾಡಿಗೆ ಕೊಡುವುದೂ ನಿಂತಿತು. ಮದ್ದೂರಿನಲ್ಲಿ ಓನರ್ ಮನೆಯ ಹಿಂದೆ ಒಂದು ರೂಮು, ಒಂದು ಅಡುಗೆಮನೆಯಲ್ಲಿದ್ದೆವು. ಹೆಂಡತಿಗೆ ಏಳು ತಿಂಗಳು ತುಂಬಿತ್ತು. ತವರಿಗೆ ಕಳಿಸೋಣವೆಂದರೆ ಆ ಊರಿನವರು ರಸ್ತೆಗೆ ಮುಳ್ಳು ಹಾಕಿ ಕೂತಿದ್ದರು. ಹೆರಿಗೆ, ಬಾಣಂತನ ಮುಗಿಯುವವರೆಗೆ ಈ ಸೂರು ಉಳಿದರೆ ಸಾಕು ಅನ್ನುವುದೊಂದೇ ನನ್ನ ಚಿಂತೆ.

ಅಷ್ಟರಲ್ಲಿ ಟಿವಿಯಲ್ಲಿ ಆದೇಶ ಬಂತು. ಬಾಡಿಗೆ ಕೊಡದವರನ್ನು ಸದ್ಯಕ್ಕೆ ಹೊರಹಾಕಬಾರದು, ನೀರು, ಕರೆಂಟು ಕಡಿಯಬಾರದು. ನಾನು ಹಿಗ್ಗಿಹೋದೆ. ಓನರೂ ಅದನ್ನು ನೋಡಿದ್ದ. ಖಾಲಿ ಮಾಡಿ ಅನ್ನಲಿಲ್ಲ ಪುಣ್ಯಾತ್ಮ. ನಮ್ಮ ತೊಟ್ಟಿಗೆ ನೀರು ಬಿಡುವುದನ್ನು ನಿಲ್ಲಿಸಿದ. ಮೋಟರಿನ ಸ್ವಿಚ್ಚು ಇದ್ದದ್ದು ಅವನ ನಡುಮನೆಯಲ್ಲಿ.

ದೂರು ಕೊಡಲು ಪುರಸಭೆ ಕಚೇರಿಗೆ ಓಡಿದೆ.

“ನಮ್ಮೋರು ಬಂದು ನಲ್ಲಿ ಕಿತ್ತವ್ರಾ?” ಎಂದ ಅಲ್ಲಿ ಕೂತಿದ್ದವನು.

“ಇಲ್ಲ ಸಾ.”

“ಓನರ್ ನಿನ್ ಸಾಮಾನು ಈಚೆಗ್ ಎಸ್ದವ್ನಾ?”

“ಇಲ್ಲ.”

“ಮತ್ಯಾಕ್ ಬಂದೆ? ಓಗು.”

ಮೈಯೆಲ್ಲ ಉರಿದುಹೋಯಿತು. ಆ ಆದೇಶಕ್ಕೆ ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕಿದ್ದರೂ ಒಂದು ಚೊಂಬು ನೀರು ಬರುತ್ತಿರಲಿಲ್ಲ.

ನೀರು ಬಿಡಿಸಿದ್ದು ಓನರನ ತಾಯಿ. ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದ ನನ್ನ ಹೆಂಡತಿಯನ್ನು ಕಂಡ ಅಜ್ಜಿ ಮಗನ ಮೇಲೆ ಹರಿಹಾಯ್ದರು.

“ಬಸ್ರಿ ಕೈಲಿ ನೀರೊರುಸ್ತಿಯೇನ್ಲಾ? ಬಸ್ರೀನ ಮನೆ ಬುಡುಸ್ಬಾರ್ದು ಕಣ್ಲಾ, ಸ್ವಿಚ್ ಆಕು!”

ಅವನು ಒಳಗೆ ಹೋಗಿ ಹಾಕಿದ. ಅಜ್ಜಿ ಇರುವವರೆಗೆ ನಮಗೆ ಭಯವಿಲ್ಲ ಎಂದುಕೊಂಡೆ.

ಮಗಳು ಹುಟ್ಟಿದಳು. ಪುರುಡು ಕಳೆದ ದಿನ ಅಜ್ಜಿಯೇ ಹಂಡೆ ತುಂಬ ನೀರು ಕಾಯಿಸಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿದರು. ಸಾಂಬ್ರಾಣಿ ಹೊಗೆ ಹಾಕಿ ತಾಯಿಯ ಮಡಿಲಿಗಿಟ್ಟರು. ಆಮೇಲೆ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

“ಪುರುಡು ಕಳೀತು ಕಣಪ್ಪ. ಮುಳ್ ತಗ್ದು ದಾರಿ ಬುಟ್ಟವ್ರೆ. ಇವ್ಳ ತವ್ರಿಗೆ ಬುಟ್ಟು ನೀನು ಬ್ಯಾರೆ ಮನೆ ನೋಡ್ಕ.”

“ಆದೇಸ ಇನ್ನೂ ಅದೆ ಕಣಜ್ಜಿ!” ಕಿರುಚಿಬಿಟ್ಟೆ.

“ಇರ್ಲಿ ಬುಡು. ನಾನೇನ್ ಆದೇಸ ನೋಡಿ ಇರುಸ್ಕಂಡಿದ್ನಾ?”

ಸಂಜೆ ಆಟೋ ಬಂತು. ಅಜ್ಜಿಯೇ ಬಾಣಂತಿಯ ಕಿವಿಗೆ ಹತ್ತಿ ಇಟ್ಟು, ಗಾಳಿ ತಾಗದಂತೆ ತಲೆಗೆ ಬಟ್ಟೆ ಕಟ್ಟಿ, ಮಗುವಿಗೆ ದೃಷ್ಟಿ ತೆಗೆದು ಹತ್ತಿಸಿದರು. ನೆಟ್ಟಗೆ ಕೋಪ ಮಾಡಿಕೊಳ್ಳುವುದಕ್ಕೂ ಅವರು ನನಗೆ ಜಾಗ ಬಿಡಲಿಲ್ಲ.